ಕಪ್ಪು ಪರದೆಯಲ್ಲಿ ಟ್ವಿಟರ್: ತೆರೆದು ಮುಚ್ಚಿದ ಬಾಗಿಲೊಂದರ ಇತಿಹಾಸ

ಅಮೆರಿಕದ ಮಿಸೌರಿ ರಾಜ್ಯದಲ್ಲಿರುವ ಫರ್ಗುಸನ್ ದೊಡ್ಡ ಊರೇನಲ್ಲ. 2014ರ ಆಗಸ್ಟ್ 9ರಂದು ಅಲ್ಲಿ ಹದಿನೆಂಟು ವರ್ಷದ ಕಪ್ಪು ಹುಡುಗ ಮೈಕೆಲ್ ಬ್ರೌನ್ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಜನ ಬೀದಿಗಿಳಿದರು. ನೆರೆದವರು ಕಂಡದ್ದನ್ನು, ಕೇಳಿದ್ದನ್ನು, ಸಿಟ್ಟನ್ನು, ಸಂಕಟವನ್ನು ಟ್ವಿಟರ್‌ನಲ್ಲಿ ಬರೆಯತೊಡಗಿದರು. ಅದೇ ವಾರ ವಾಷಿಂಗ್ಟನ್‌ನಲ್ಲಿ ಅಮೆರಿಕದ ದಾಖಲೆಪಾಲಕರ ವಾರ್ಷಿಕ ಸಮ್ಮೇಳನ ನಡೆದಿತ್ತು. ಹಳೆಯ ಕಾಗದಪತ್ರಗಳನ್ನು ಕಾಪಾಡುವುದೇ ಕಸುಬಾದ ಆ ಜನರ ನಡುವೆ ಒಂದು ಪ್ರಶ್ನೆ ಎದ್ದಿತು. ಫರ್ಗುಸನ್ ಬಗ್ಗೆ ಜನ ಬರೆಯುತ್ತಿರುವುದನ್ನು ಮುಂದಿನವರಿಗಾಗಿ ಯಾರು ಎತ್ತಿಡುತ್ತಾರೆ? ಹೆಚ್ಚು ಯೋಚಿಸುತ್ತ ಕೂರಲು ಸಮಯವಿರಲಿಲ್ಲ. ಹೊರಗಿನ ಪ್ರೋಗ್ರಾಮ್‌ಗಳಿಗೆ ಟ್ವಿಟರ್ ಉಚಿತವಾಗಿ ಕೊಟ್ಟಿದ್ದ ಹುಡುಕು ಸೌಲಭ್ಯ ಸುಮಾರು ಒಂದು ವಾರದಷ್ಟು ಹಿಂದಕ್ಕೆ ಮಾತ್ರ ಹೋಗುತ್ತಿತ್ತು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಎಡ್ ಸಮರ್ಸ್ ಬಳಿ ಆ ಹೊತ್ತಿಗೆ ‘ಟ್ವಾರ್ಕ್’ ಎಂಬ ಚಿಕ್ಕ ಪ್ರೋಗ್ರಾಮ್ ಇತ್ತು. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಚಿತ್ರವಿಲ್ಲ. ಟರ್ಮಿನಲ್ಲಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ, ಕೇಳಿದ ಪದವಿರುವ ಟ್ವೀಟ್‌ಗಳು ಒಂದೊಂದಾಗಿ ಕಡತಕ್ಕೆ ಬಂದು ಬೀಳುತ್ತಿದ್ದವು. ಆಗಸ್ಟ್ 10ರಿಂದ 27ರವರೆಗಿನ ಅವಧಿಗೆ ಹೀಗೆ ಕೂಡಿದ ಟ್ವೀಟ್‌ಗಳು 1.3 ಕೋಟಿಗೂ ಹೆಚ್ಚು. ಸಮರ್ಸ್ ಮತ್ತು ಕ್ಯಾಲಿಫೋರ್ನಿಯಾದ ದಾಖಲೆಪಾಲಕ ಬರ್ಗಿಸ್ ಜೂಲ್ಸ್ ಸೇರಿ ಮಾಡಿದ ಈ ಕೆಲಸದಿಂದಲೇ ಮುಂದೆ ‘ಡಾಕ್ಯುಮೆಂಟಿಂಗ್ ದ ನೌ’ ಎಂಬ ಯೋಜನೆ ಹುಟ್ಟಿತು.

ಹೀಗೆ ಬ್ರೌಸರಾಗಲಿ ಮೊಬೈಲ್ ಆ್ಯಪ್ ಆಗಲಿ ಇಲ್ಲದೆ, ಟರ್ಮಿನಲ್ಲಿನಲ್ಲಿ ಅಕ್ಷರಗಳ ಆಜ್ಞೆ ಕೊಟ್ಟು ಸಾಮಾಜಿಕ ಜಾಲತಾಣವನ್ನು ಬಳಸುವ ಸಾಧನಕ್ಕೆ ಕಮಾಂಡ್ ಲೈನ್ ಕ್ಲೈಂಟ್ ಎನ್ನುತ್ತಾರೆ. ಕಂಪ್ಯೂಟರ್ ಬಲ್ಲವರ ಖಯಾಲಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಇತಿಹಾಸದ ವಿದ್ಯಾರ್ಥಿಯಾಗಿ ನೋಡಿದರೆ ಮಾತ್ರ ಈ ಪುಟ್ಟ ಸಾಧನಗಳ ಹುಟ್ಟು-ಸಾವುಗಳಲ್ಲಿ ನಮ್ಮ ಕಾಲದ ಒಂದು ದೊಡ್ಡ ಪ್ರಶ್ನೆಯೇ ಅಡಗಿದೆ ಅನ್ನಿಸುತ್ತದೆ. ಸಾರ್ವಜನಿಕರು ಸಾರ್ವಜನಿಕವಾಗಿ ಬರೆದದ್ದನ್ನು ಓದುವ, ಎತ್ತಿಡುವ ಹಕ್ಕು ಯಾರ ಕೈಯಲ್ಲಿದೆ ಎಂಬುದೇ ಆ ಪ್ರಶ್ನೆ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಒಬ್ಬರು ಏನು ಮಾಡುತ್ತಿದ್ದಾರೆಂದು ಇನ್ನೊಬ್ಬರು ಕಂಪ್ಯೂಟರಿನಲ್ಲಿ ತಿಳಿಯುವ ಅಭ್ಯಾಸ ಟ್ವಿಟರ್‌ಗಿಂತ ಹಳೆಯದು. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ‘ಫಿಂಗರ್’ ಎಂಬ ಪ್ರೋಗ್ರಾಮ್ ಬರೆದರು. ಫಿಂಗರ್ ಎಂದು ಟೈಪ್ ಮಾಡಿ ಸಹೋದ್ಯೋಗಿಯ ಹೆಸರು ಕೊಟ್ಟರೆ ಅವರು ಕಂಪ್ಯೂಟರಿನ ಮುಂದೆ ಇದ್ದಾರೋ ಇಲ್ಲವೋ ತಿಳಿಯುತ್ತಿತ್ತು. ಅದರ ಜೊತೆಗೇ ‘ಪ್ಲಾನ್’ ಎಂಬ ಕಡತವೂ ಬಂತು. ಎಲ್ಲಿಗೆ ಹೋಗಿದ್ದೇನೆ, ಯಾವಾಗ ಬರುತ್ತೇನೆ ಎಂದು ಅದರಲ್ಲಿ ಬರೆದಿಟ್ಟರೆ ಫಿಂಗರ್ ಮಾಡಿದವರಿಗೆ ಕಾಣುತ್ತಿತ್ತು. ಜನ ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಲಿ ತಮಾಷೆ ಬರೆದರು, ಅಭಿಪ್ರಾಯ ಬರೆದರು. 1990ರ ದಶಕದಲ್ಲಿ ‘ಕ್ವೇಕ್’ ಆಟದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ತಮ್ಮ ಕೆಲಸದ ದಿನಚರಿಯನ್ನೇ ಪ್ಲಾನ್ ಕಡತದಲ್ಲಿ ಬರೆಯುತ್ತಿದ್ದರು, ಅಭಿಮಾನಿಗಳು ಕಾದು ಓದುತ್ತಿದ್ದರು.

ಇದೇ ಲೋಕದಿಂದ ಬಂದ ಇನ್ನೊಂದು ವಿಚಾರ ನಮ್ಮ ಕಥೆಗೆ ಮುಖ್ಯ. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಅವರ ಒತ್ತಾಯದಿಂದ ಯೂನಿಕ್ಸ್‌ಗೆ ‘ಪೈಪ್’ ಸೇರಿತು. ಒಂದು ಪ್ರೋಗ್ರಾಮ್ ಹೊರಹಾಕಿದ ಅಕ್ಷರಗಳು ನೇರವಾಗಿ ಇನ್ನೊಂದರ ಬಾಯಿಗೆ ಬೀಳುವ ವ್ಯವಸ್ಥೆ ಇದು. ಒಂದು ಹುಡುಕುತ್ತದೆ, ಮತ್ತೊಂದು ವಿಂಗಡಿಸುತ್ತದೆ, ಮೂರನೆಯದು ಎಣಿಸುತ್ತದೆ. ಸಂಶೋಧಕರ ಅರ್ಧ ಕೆಲಸ ಇಷ್ಟೇ ಅಲ್ಲವೇ?

ಟ್ವಿಟರ್ ಶುರುವಾದದ್ದು 2006ರ ಮಾರ್ಚ್‌ನಲ್ಲಿ, ಮೊಬೈಲಿನ ಎಸ್ಸೆಮ್ಮೆಸ್ ನೆಚ್ಚಿಕೊಂಡು. ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರಗಳ ಮಿತಿ. ಅದರಲ್ಲಿ ಬಳಕೆದಾರರ ಹೆಸರಿಗೆ ಜಾಗ ಬಿಟ್ಟು ಉಳಿದ 140 ಟ್ವೀಟಿನ ಅಳತೆಯಾಯಿತು. ಮೊಬೈಲಿನಲ್ಲಿ ಟ್ವಿಟರ್ ನಡೆಸಲು ಚಿಕ್ಕ ಚಿಕ್ಕ ಆಜ್ಞೆಗಳಿದ್ದವು. ಫಾಲೋ ಎಂದು ಬರೆದು ಹೆಸರು ಸೇರಿಸಿ ಕಳಿಸಿದರೆ ಅವರ ಟ್ವೀಟ್‌ಗಳು ಬರತೊಡಗುತ್ತಿದ್ದವು. ಡಿ ಎಂಬ ಒಂದಕ್ಷರದ ಮುಂದೆ ಹೆಸರು ಬರೆದರೆ ಅದು ಖಾಸಗಿ ಸಂದೇಶ. ಹೂ ಈಸ್ ಎಂದರೆ ಪರಿಚಯ. ಅಂದರೆ ಟ್ವಿಟರ್ ಹುಟ್ಟಿದಾಗಲೇ ಅರ್ಧ ಕಮಾಂಡ್ ಲೈನ್. 2009ರಲ್ಲಿ ಏರ್‌ಟೆಲ್ ಮೂಲಕ ಭಾರತದಲ್ಲೂ ಈ ಎಸ್ಸೆಮ್ಮೆಸ್ ಸೇವೆ ಬಂತು. ಇಂಟರ್ನೆಟ್ ಇಲ್ಲದ ಸಾದಾ ಫೋನಿನಲ್ಲೂ ಟ್ವೀಟ್ ಮಾಡಬಹುದಿತ್ತು. 2020ರಲ್ಲಿ ಬಹುತೇಕ ದೇಶಗಳಲ್ಲಿ ಅದನ್ನು ನಿಲ್ಲಿಸಲಾಯಿತು.

2006ರ ಸೆಪ್ಟೆಂಬರ್‌ನಲ್ಲಿ ಟ್ವಿಟರ್ ತನ್ನ ಎಪಿಐ ತೆರೆಯಿತು. ಎಪಿಐ ಎಂದರೆ ಬೇರೆಯವರು ಬರೆದ ಪ್ರೋಗ್ರಾಮ್‌ಗಳು ಬಂದು ಹೋಗಲು ಇಟ್ಟ ಬಾಗಿಲು. ಮನುಷ್ಯರು ಮುಂಬಾಗಿಲಿನಿಂದ ಬಂದರೆ ಪ್ರೋಗ್ರಾಮ್‌ಗಳು ಈ ಬಾಗಿಲಿನಿಂದ. ಆಗ ಅದರ ಚಿಲಕ ಬಹಳ ಸಡಿಲವಾಗಿತ್ತು. ‘ಕರ್ಲ್’ ಎಂಬ ಹಳೆಯ ಉಪಕರಣಕ್ಕೆ ಹೆಸರು, ಪಾಸ್‌ವರ್ಡ್ ಮತ್ತು ಬರೆಯಬೇಕಾದ ವಾಕ್ಯ ಕೊಟ್ಟರೆ ಒಂದೇ ಸಾಲಿನ ಆಜ್ಞೆಯಲ್ಲಿ ಟ್ವೀಟ್ ಪ್ರಕಟವಾಗುತ್ತಿತ್ತು.

ಈ ಬಾಗಿಲಿನಿಂದ ಟ್ವಿಟರ್‌ಗೆ ಬಂದ ಲಾಭ ಸಣ್ಣದಲ್ಲ. ಐಕಾನ್‌ಫ್ಯಾಕ್ಟರಿ ಎಂಬ ಸಣ್ಣ ಕಂಪನಿ 2007ರಲ್ಲಿ ‘ಟ್ವಿಟರಿಫಿಕ್’ ಆ್ಯಪ್ ತಂದಿತು. ನೀಲಿ ಹಕ್ಕಿಯನ್ನು ಮೊದಲು ಗುರುತಾಗಿ ಬಳಸಿದ್ದು, ‘ಟ್ವೀಟ್’ ಎಂಬ ಪದವನ್ನು ಆ್ಯಪಿನೊಳಗೆ ತಂದದ್ದು ಅದೇ. ಹ್ಯಾಷ್‌ಟ್ಯಾಗ್ ಬಳಸೋಣವೆಂದು ಅದೇ ವರ್ಷ ಸೂಚಿಸಿದ ಕ್ರಿಸ್ ಮೆಸಿನಾ ಕೂಡ ಕಂಪನಿಯ ನೌಕರರಲ್ಲ, ಬಳಕೆದಾರರು. ಟ್ವಿಟರ್ ಎಂದು ಜಗತ್ತು ಗುರುತಿಸಿದ ಎಷ್ಟೋ ಸಂಗತಿಗಳು ಹೊರಗಿನವರ ಕಾಣಿಕೆ.

ಟರ್ಮಿನಲ್ ಪ್ರಿಯರೂ ಸುಮ್ಮನಿರಲಿಲ್ಲ. ಕ್ಯಾಮರಾನ್ ಕೈಸರ್ ಪರ್ಲ್ ಭಾಷೆಯಲ್ಲಿ ‘ಟಿಟಿವೈಟರ್’ ಬರೆದರು. ಟಿಟಿವೈ ಎಂದರೆ ಟೆಲಿಟೈಪ್, ಕಂಪ್ಯೂಟರಿಗೆ ಪರದೆ ಇಲ್ಲದ ಕಾಲದಲ್ಲಿ ಕಾಗದದ ಮೇಲೆ ಅಚ್ಚೊತ್ತುತ್ತಿದ್ದ ಯಂತ್ರ. ಇಡೀ ಕ್ಲೈಂಟ್ ಒಂದೇ ಕಡತ. ಪರ್ಲ್ ಮತ್ತು ಕರ್ಲ್ ಇದ್ದರೆ ಎಂಥ ಹಳೆಯ ಯಂತ್ರದಲ್ಲೂ ನಡೆಯುತ್ತಿತ್ತು. ಓರೆಗೆರೆಯಿಂದ ಶುರುವಾದ ಸಾಲು ಆಜ್ಞೆ, ಉಳಿದದ್ದೆಲ್ಲ ಟ್ವೀಟ್. ಕಣ್ತಪ್ಪಿ ಎಂಟರ್ ಒತ್ತಿದರೆ ಮಾತು ಊರಿಗೆಲ್ಲ ಕೇಳಿಸಿತು ಎಂದೇ ಅರ್ಥ. ಆಮೇಲೆ ಎರಿಕ್ ಮೈಕಲ್ಸ್-ಓಬರ್ ರೂಬಿ ಭಾಷೆಯಲ್ಲಿ ಬರೆದ ‘ಟಿ’ ಬಂತು. ಒಂದಕ್ಷರದ ಈ ಕ್ಲೈಂಟ್ ತನ್ನ ಆಜ್ಞೆಗಳ ರೀತಿಯನ್ನು ಎರವಲು ಪಡೆದದ್ದು ಟ್ವಿಟರ್‌ನ ಎಸ್ಸೆಮ್ಮೆಸ್ ಆಜ್ಞೆಗಳಿಂದಲೇ. ಅದು ಕೊಟ್ಟ ಉತ್ತರವನ್ನು ಪೈಪ್ ಮೂಲಕ ಬೇರೆ ಉಪಕರಣಕ್ಕೆ ದಾಟಿಸಬಹುದಿತ್ತು, ಕೋಷ್ಟಕವಾಗಿ ಕಡತಕ್ಕೆ ಇಳಿಸಬಹುದಿತ್ತು. ಓದುವ ಸಾಧನ ಸಂಗ್ರಹದ ಸಾಧನವಾದದ್ದು ಇಲ್ಲಿ.

ಟರ್ಮಿನಲ್ಲಿನಿಂದ ನೋಡಿದಾಗ ಟ್ವೀಟ್ ಎಂಬುದೇ ಬೇರೆಯಾಗಿ ಕಾಣುತ್ತದೆ. ಆ್ಯಪಿನಲ್ಲಿ ಅದು ಒಂದು ವಾಕ್ಯ, ಒಂದು ಮುಖ. ಎಪಿಐ ಕಳಿಸುವ ಮೂಲರೂಪದಲ್ಲಿ ಅದು ಹತ್ತಾರು ವಿವರಗಳ ಕಟ್ಟು: ಬರೆದ ಕ್ಷಣ, ಖಾತೆ ತೆರೆದ ದಿನ, ಯಾವುದಕ್ಕೆ ಉತ್ತರ, ಯಾವ ಭಾಷೆ, ಯಾವ ಕ್ಲೈಂಟಿನಿಂದ ಬಂತು. ಈ ಕೊನೆಯ ವಿವರ ಎಷ್ಟು ಮುಖ್ಯವಾಗಬಹುದು ಎಂಬುದಕ್ಕೆ 2016ರ ಅಮೆರಿಕ ಚುನಾವಣೆಯ ಒಂದು ಪ್ರಸಂಗ ಸಾಕು. ಡೊನಾಲ್ಡ್ ಟ್ರಂಪ್ ಖಾತೆಯ ಟ್ವೀಟ್‌ಗಳಲ್ಲಿ ಕೆಲವು ಆಂಡ್ರಾಯ್ಡ್ ಫೋನಿನಿಂದ, ಕೆಲವು ಐಫೋನಿನಿಂದ ಬರುತ್ತಿದ್ದವು. ಡೇವಿಡ್ ರಾಬಿನ್ಸನ್ ಎಂಬ ದತ್ತಾಂಶ ತಜ್ಞರು ಆ ವರ್ಷದ ಆಗಸ್ಟ್‌ನಲ್ಲಿ ಅವನ್ನು ಎರಡು ರಾಶಿ ಮಾಡಿ ಪದಗಳನ್ನು ಎಣಿಸಿದರು. ಆಂಡ್ರಾಯ್ಡ್‌ನಿಂದ ಬಂದವುಗಳಲ್ಲಿ ಸಿಟ್ಟಿನ, ಬೈಗುಳದ ಪದಗಳು ಹೆಚ್ಚು. ಐಫೋನಿನವುಗಳಲ್ಲಿ ಪ್ರಕಟಣೆ, ಹ್ಯಾಷ್‌ಟ್ಯಾಗ್, ಚಿತ್ರಗಳು ಹೆಚ್ಚು. ಮೊದಲನೆಯವು ಟ್ರಂಪ್ ಅವರೇ ಬರೆದವು, ಎರಡನೆಯವು ಸಿಬ್ಬಂದಿಯವು ಎಂಬುದು ಅವರ ತೀರ್ಮಾನ. ಹಳೆಯ ಓಲೆಯ ಕೈಬರಹ ನೋಡಿ ಲಿಪಿಕಾರ ಯಾರೆಂದು ಊಹಿಸುವ ಗ್ರಂಥಸಂಪಾದಕರ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಯಾವ ಸಾಧನದಿಂದ ಬರೆದದ್ದು ಎಂದು ಟ್ವೀಟಿನ ಕೆಳಗೆ ತೋರಿಸುತ್ತಿದ್ದ ಆ ಸಾಲನ್ನು 2022ರ ಕೊನೆಗೆ ತೆಗೆದುಹಾಕಲಾಯಿತು.

ಕನ್ನಡಕ್ಕೆ ಈ ಕಪ್ಪು ಪರದೆ ಅಷ್ಟೇನೂ ಒಗ್ಗಲಿಲ್ಲ. ಟರ್ಮಿನಲ್ ಟೆಲಿಟೈಪಿನ ಮೊಮ್ಮಗು. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕ ಅದರ ರಕ್ತದಲ್ಲೇ ಇದೆ. ಒತ್ತಕ್ಷರ ಕೆಳಗಿಳಿಯುವ, ಗುಣಿತ ಮೇಲೇರುವ ನಮ್ಮ ಲಿಪಿ ಆ ಚೌಕದಲ್ಲಿ ಕೂರುವುದಿಲ್ಲ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತುಗಳು ಒಡೆದು, ಅರ್ಧಾಕ್ಷರಗಳು ಸಾಲಾಗಿ ನಿಂತುಬಿಡುತ್ತವೆ. ಆದರೆ ಒಡೆಯುವುದು ನೋಟ ಮಾತ್ರ. ಕಡತದೊಳಗೆ ಯೂನಿಕೋಡ್ ಸಂಕೇತಗಳು ಕೆಡದೆ ಇರುತ್ತವೆ. ಕನ್ನಡ ಟ್ವೀಟ್‌ಗಳನ್ನು ಟರ್ಮಿನಲ್ಲಿನಲ್ಲಿ ಓದುವುದು ಕಷ್ಟ, ಕೂಡಿಡುವುದು ಮತ್ತು ಎಣಿಸುವುದು ಕಷ್ಟವಲ್ಲ.

ಎಣಿಕೆಯಲ್ಲೂ ಒಂದು ಪಾಠವಿದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಟ್ವಿಟರ್ ಲೆಕ್ಕದಲ್ಲಿ ಆರು. ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ಈಕಾರದ ಗುಣಿತ ಎಂದು ಅದು ಬಿಡಿಬಿಡಿಯಾಗಿ ಎಣಿಸುತ್ತದೆ. 2017ರಲ್ಲಿ ಮಿತಿಯನ್ನು 280ಕ್ಕೆ ಏರಿಸುವವರೆಗೆ ಕನ್ನಡದಲ್ಲಿ ಬರೆಯುವವರು ಒತ್ತಕ್ಷರಗಳಿಗೆ ಹೀಗೆ ಸುಂಕ ಕಟ್ಟುತ್ತಿದ್ದರು. ಇನ್ನು ಹುಡುಕಾಟ. ಕಡತದೊಳಗೆ ‘ನೀರು’ ಎಂದು ಹುಡುಕಿದರೆ ‘ನೀರಿಗೆ’, ‘ನೀರನ್ನು’ ತಪ್ಪಿಹೋಗುತ್ತವೆ. ‘ನೀರ’ ಎಂದು ಹುಡುಕಿದರೆ ಅವೆಲ್ಲ ಸಿಗುತ್ತವೆ, ಜೊತೆಗೆ ‘ನೀರಸ’ವೂ ಸಿಗುತ್ತದೆ. ‘ಕಣ್ಣೀರು’ ಮಾತ್ರ ಎರಡಕ್ಕೂ ಸಿಗದು, ಸಂಧಿಯಲ್ಲಿ ನಕಾರ ಣಕಾರವಾಗಿದೆ. ಕನ್ನಡದ ಸಾಮಾಜಿಕ ಜಾಲತಾಣಗಳ ಬಗ್ಗೆ ಸಂಶೋಧನೆ ಮಾಡುವವರಿಗೆ ಪ್ರೋಗ್ರಾಮಿಂಗಿನಷ್ಟೇ ವ್ಯಾಕರಣವೂ ಬೇಕು.

ಈಗ ಬಾಗಿಲು ಮುಚ್ಚಿದ ಕಥೆಗೆ ಬರೋಣ. ಅದು ಒಂದೇ ದಿನ ಮುಚ್ಚಲಿಲ್ಲ. 2010ರ ಆಗಸ್ಟ್ ಕೊನೆಗೆ ಹೆಸರು, ಪಾಸ್‌ವರ್ಡ್ ಕೊಟ್ಟು ಎಪಿಐ ಬಳಸುವ ಪದ್ಧತಿ ನಿಂತು ‘ಓಆತ್’ ಎಂಬ ಕೀಲಿಗಳ ವ್ಯವಸ್ಥೆ ಬಂತು. ಪಾಸ್‌ವರ್ಡ್ ಕಂಡವರ ಕೈಗೆ ಹೋಗುವುದನ್ನು ತಪ್ಪಿಸಿದ ಈ ಬದಲಾವಣೆ ನ್ಯಾಯವಾದದ್ದೇ. ಆದರೆ ಒಂದು ಸಾಲಿನ ಕರ್ಲ್ ಆಜ್ಞೆಯ ಕಾಲ ಅಲ್ಲಿಗೆ ಮುಗಿಯಿತು. ಕೀಲಿ ಕೊಡುವ ಅಧಿಕಾರ ಕಂಪನಿಯದಾಯಿತು. ಟ್ವಿಟರ್‌ನಂತೆಯೇ ಕೆಲಸ ಮಾಡುವ ಕ್ಲೈಂಟ್‌ಗಳನ್ನು ಹೊಸದಾಗಿ ಕಟ್ಟಬೇಡಿ ಎಂದು 2011ರಲ್ಲಿ ಕಂಪನಿ ಹೇಳಿತು. 2012ರಲ್ಲಿ ಹೊಸ ಕ್ಲೈಂಟ್‌ಗಳಿಗೆ ಒಂದು ಲಕ್ಷ ಬಳಕೆದಾರರ ಮಿತಿ ಹಾಕಿತು. 2018ರಲ್ಲಿ ಟ್ವೀಟ್‌ಗಳು ಬಂದ ಕ್ಷಣವೇ ಕ್ಲೈಂಟಿಗೆ ಹರಿದುಬರುತ್ತಿದ್ದ ಸೌಲಭ್ಯ ಹೋಯಿತು. ಜಾಹೀರಾತಿನಿಂದ ಬದುಕುವ ಕಂಪನಿಗೆ ಜಾಹೀರಾತು ಕಾಣದ ಕಿಟಕಿಗಳು ಬೇಡವಾದದ್ದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರಿ ಗ್ರಂಥಾಲಯಗಳು ಇದನ್ನೆಲ್ಲ ಉಳಿಸಬಹುದಿತ್ತಲ್ಲ ಎಂದು ಕೇಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಯತ್ನಿಸಿತು. 2006ರಿಂದ ಬಂದ ಎಲ್ಲ ಸಾರ್ವಜನಿಕ ಟ್ವೀಟ್‌ಗಳನ್ನು ಗ್ರಂಥಾಲಯಕ್ಕೆ ಕೊಡುವುದಾಗಿ 2010ರ ಏಪ್ರಿಲ್‌ನಲ್ಲಿ ಟ್ವಿಟರ್ ಒಪ್ಪಿತು. 2013ರ ಜನವರಿಯ ವರದಿಯ ಪ್ರಕಾರ ಸಂಗ್ರಹ ಸುಮಾರು 17,000 ಕೋಟಿ ಟ್ವೀಟ್‌ಗಳಿಗೆ ಮುಟ್ಟಿತ್ತು, ದಿನಕ್ಕೆ 50 ಕೋಟಿಯ ಹತ್ತಿರ ಬಂದು ಸೇರುತ್ತಿದ್ದವು. 2006ರಿಂದ 2010ರವರೆಗಿನ ಭಾಗದಲ್ಲಿ ಒಂದೇ ಒಂದು ಹುಡುಕಾಟಕ್ಕೆ 24 ಗಂಟೆ ಹಿಡಿಯಬಹುದು ಎಂದೂ ಅದೇ ವರದಿ ಹೇಳಿತು. ಸಂಶೋಧಕರಿಗೆ ಆ ಸಂಗ್ರಹ ತೆರೆಯಲೇ ಇಲ್ಲ. 2017ರ ಡಿಸೆಂಬರ್ 31ರ ನಂತರ ಎಲ್ಲವನ್ನೂ ಸೇರಿಸುವುದನ್ನು ಬಿಟ್ಟು, ಆಯ್ದವನ್ನು ಮಾತ್ರ ಇಡುವ ನಿರ್ಧಾರವಾಯಿತು. ಸಂಗ್ರಹವಿದ್ದರೆ ಸಾಲದು, ಅದರೊಳಗೆ ಹೋಗುವ ದಾರಿಯೂ ಬೇಕು.

ಹಾಗಾಗಿ ಸಂಶೋಧಕರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಟ್ವೀಟಿನ ಪೂರ್ಣಪಾಠವನ್ನು ಇತರರಿಗೆ ರಾಶಿಯಾಗಿ ಹಂಚಲು ಟ್ವಿಟರ್ ನಿಯಮ ಬಿಡುತ್ತಿರಲಿಲ್ಲ, ಟ್ವೀಟಿನ ಗುರುತುಸಂಖ್ಯೆ ಹಂಚಬಹುದಿತ್ತು. ಸಂಗ್ರಹಿಸಿದವರು ಸಂಖ್ಯೆಗಳ ಪಟ್ಟಿ ಪ್ರಕಟಿಸುತ್ತಿದ್ದರು. ಬೇಕಾದವರು ಅದನ್ನು ಟ್ವಾರ್ಕ್‌ಗೆ ಕೊಟ್ಟು ಎಪಿಐಯಿಂದ ಪೂರ್ಣಪಾಠ ತರಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಅವರಿಟ್ಟ ಹೆಸರು ‘ಹೈಡ್ರೇಟ್’: ಒಣಗಿಸಿಟ್ಟದ್ದನ್ನು ನೀರು ಹಾಕಿ ಮತ್ತೆ ಅರಳಿಸುವುದು. ಈ ಪದ್ಧತಿಯಲ್ಲಿ ಒಂದು ನೀತಿಯೂ ಇತ್ತು. ಬರೆದವರು ಅಳಿಸಿಬಿಟ್ಟ ಟ್ವೀಟ್ ಮತ್ತೆ ಅರಳುವುದಿಲ್ಲ. ಮರೆಸುವ ಹಕ್ಕು ಬರೆದವರಲ್ಲೇ ಉಳಿಯುತ್ತಿತ್ತು.

ಅದು ಉಳಿಯಬೇಕಾದದ್ದೂ ಹೌದು. ತೆರೆದ ಬಾಗಿಲಿನಿಂದ ಇತಿಹಾಸಕಾರರಷ್ಟೇ ಒಳಗೆ ಬರುವುದಿಲ್ಲ. ‘ಜಿಯೋಫೀಡಿಯಾ’ ಎಂಬ ಕಂಪನಿ ಜಾಲತಾಣಗಳ ಮಾಹಿತಿ ಬಳಸಿ ಪ್ರತಿಭಟನಕಾರರ ಮೇಲೆ ಕಣ್ಣಿಡಲು ಪೊಲೀಸರಿಗೆ ಸಾಧನ ಮಾರುತ್ತಿದೆ ಎಂದು 2016ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಬಯಲು ಮಾಡಿತು. ಟ್ವಿಟರ್ ಆ ಕಂಪನಿಗೆ ಬಾಗಿಲು ಮುಚ್ಚಿತು. ಫರ್ಗುಸನ್ನಿನ ದಾಖಲೆ ಕೂಡಿಸಿದವರೂ ಈ ಅಪಾಯವನ್ನು ಬಲ್ಲವರು. ಯಾರ ಮಾತನ್ನು, ಯಾರ ಒಪ್ಪಿಗೆಯಿಂದ, ಯಾರಿಗಾಗಿ ಉಳಿಸುತ್ತಿದ್ದೇವೆ ಎಂಬ ಚರ್ಚೆಯನ್ನು ‘ಡಾಕ್ಯುಮೆಂಟಿಂಗ್ ದ ನೌ’ ತನ್ನ ಕೆಲಸದ ಭಾಗವಾಗಿಯೇ ನಡೆಸಿತು.

2021ರ ಜನವರಿಯಲ್ಲಿ ಬಾಗಿಲು ಮತ್ತೆ ಅಗಲವಾಗಿ ತೆರೆಯಿತು. ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಟ್ವಿಟರ್ ಉಚಿತವಾಗಿ ತಿಂಗಳಿಗೆ ಒಂದು ಕೋಟಿ ಟ್ವೀಟ್‌ಗಳನ್ನು, 2006ರವರೆಗಿನ ಇಡೀ ಸಂಗ್ರಹದಿಂದ ಪಡೆಯುವ ಅವಕಾಶ ಕೊಟ್ಟಿತು. ಆಯ್ಕೆಯಾದ ಪಿಎಚ್‌.ಡಿ. ವಿದ್ಯಾರ್ಥಿಯೊಬ್ಬರು ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪಿನಲ್ಲಿ ಟ್ವಾರ್ಕ್ ಓಡಿಸಿ ಹದಿನೈದು ವರ್ಷಗಳ ಹಿಂದಿನ ಮಾತುಗಳನ್ನು ಓದಬಹುದಾದ ಕಾಲ ಅದು. ಅದು ಎರಡೇ ವರ್ಷ ಬಾಳಿತು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರ್ ಕೊಂಡರು. 2023ರ ಜನವರಿ 12ರಂದು ಟ್ವೀಟ್‌ಬಾಟ್, ಟ್ವಿಟರಿಫಿಕ್ ಮುಂತಾದ ಹೊರಗಿನ ಕ್ಲೈಂಟ್‌ಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು. ಟ್ವಿಟರ್‌ಗೆ ಪರ್ಯಾಯವಾಗುವ ಕ್ಲೈಂಟ್ ಕಟ್ಟಬಾರದೆಂಬ ನಿಯಮ ವಾರದ ನಂತರ ಬರವಣಿಗೆಯಲ್ಲಿ ಬಂತು. ಹಕ್ಕಿಯ ಗುರುತನ್ನು ಮೊದಲು ತಂದ ಆ್ಯಪನ್ನೇ ಹಕ್ಕಿಯ ಮನೆಯಿಂದ ಹೊರಗೆ ಹಾಕಿದಂತಾಯಿತು. ಉಚಿತ ಎಪಿಐ ಮುಗಿಯುತ್ತದೆ ಎಂಬ ಪ್ರಕಟಣೆ ಫೆಬ್ರುವರಿಯಲ್ಲಿ ಬಂತು. 2023ರಲ್ಲಿ ಬಂದ ಹೊಸ ದರದ ಪ್ರಕಾರ ತಿಂಗಳಿಗೆ 100 ಡಾಲರಿಗೆ 10,000 ಟ್ವೀಟ್‌ಗಳು, 5,000 ಡಾಲರಿಗೆ ಹತ್ತು ಲಕ್ಷ ಸಿಗುತ್ತಿದ್ದವು. ಒಂದು ಕೋಟಿ ಉಚಿತವಾಗಿದ್ದ ಕಡೆ ಬಂದ ದರ ಅದು.

ಇದರ ಹೊಡೆತ ಮುಂದಿನ ಸಂಶೋಧನೆಗಳಿಗೆ ಮಾತ್ರವಲ್ಲ, ಮುಗಿದ ಸಂಶೋಧನೆಗಳಿಗೂ ಬಿತ್ತು. ಹತ್ತು ವರ್ಷ ಜನ ಶ್ರದ್ಧೆಯಿಂದ ಪ್ರಕಟಿಸಿದ ಗುರುತುಸಂಖ್ಯೆಗಳ ಪಟ್ಟಿಗಳು ಇಂದಿಗೂ ಇವೆ, ನೀರು ಹಾಕಲು ದುಡ್ಡು ಬೇಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಮಾತ್ರ ಉಳಿದು ಪಾಠದ ಪುಟಗಳೆಲ್ಲ ಹರಿದುಹೋದರೆ ಹೇಗೆ, ಹಾಗೆ. ಅಲ್ಲಿ ಕನಿಷ್ಠ ಆ ಊರಿಗೆ ಹೋಗಿ ಕಲ್ಲನ್ನು ಹುಡುಕಬಹುದು. ಇಲ್ಲಿ ಕಲ್ಲಿನ ಸುತ್ತ ಬೇಲಿ ಇದೆ, ಬೇಲಿಯೊಳಗಿನ ಕಲ್ಲು ಇನ್ನೂ ಇದೆಯೇ ಎಂದು ನೋಡಲೂ ಶುಲ್ಕವಿದೆ. ಒಬ್ಬರ ಪ್ರಬಂಧದ ತೀರ್ಮಾನವನ್ನು ಇನ್ನೊಬ್ಬರು ಪರೀಕ್ಷಿಸಿ ನೋಡುವ ಸಾಧ್ಯತೆಯೇ ಕುಗ್ಗಿದರೆ ವಿದ್ವತ್ತು ನಂಬಿಕೆಯ ಮೇಲೆ ನಡೆಯಬೇಕಾಗುತ್ತದೆ.

ಬೇರೆ ದಾರಿಗಳು ಹುಟ್ಟಿವೆ. 2016ರಲ್ಲಿ ಶುರುವಾದ ಮ್ಯಾಸ್ಟಡಾನ್ ಒಂದೇ ಕಂಪನಿಯ ಒಡೆತನದ್ದಲ್ಲ. ಯಾರು ಬೇಕಾದರೂ ತಮ್ಮ ಸರ್ವರ್ ನಡೆಸಬಹುದು. ಅವೆಲ್ಲ ಪರಸ್ಪರ ಮಾತಾಡುವ ‘ಆ್ಯಕ್ಟಿವಿಟಿಪಬ್’ ನಿಯಮಾವಳಿಗೆ 2018ರಲ್ಲಿ ವಿಶ್ವ ಜಾಲ ಒಕ್ಕೂಟದ ಮನ್ನಣೆ ಸಿಕ್ಕಿತು. ಅದಕ್ಕೂ ‘ಟೂಟ್’ ಎಂಬ ಕಮಾಂಡ್ ಲೈನ್ ಕ್ಲೈಂಟ್ ಇದೆ. ಅಲ್ಲಿ ಕ್ಲೈಂಟ್ ಬರೆಯುವವರು ಒಂದು ಕಂಪನಿಯ ಮರ್ಜಿ ಕಾಯಬೇಕಿಲ್ಲ. ಆದರೆ ಸರ್ವರ್ ನಡೆಸುವವರು ಅದನ್ನು ಮುಚ್ಚಿದರೆ ಅಲ್ಲಿನ ಬರಹವೂ ಹೋಗಬಹುದು. ಬಾಗಿಲಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಉಗ್ರಾಣದ ಪ್ರಶ್ನೆ ಹಾಗೆಯೇ ಇದೆ.

ಸಾಹಿತ್ಯದ ವಿದ್ಯಾರ್ಥಿಗಳು ಇದನ್ನೆಲ್ಲ ಏಕೆ ತಿಳಿಯಬೇಕು? ಕಳೆದ ಹದಿನೈದು ವರ್ಷಗಳಲ್ಲಿ ಕನ್ನಡದ ಎಷ್ಟೋ ವಾಗ್ವಾದ, ಪುಸ್ತಕ ಚರ್ಚೆ, ಸಂತಾಪ, ಜಗಳಗಳು ಇಂಥ ಜಾಲತಾಣಗಳಲ್ಲೇ ನಡೆದಿವೆ. ನವ್ಯದ ಕಾಲದ ಚರ್ಚೆ ಬೇಕೆಂದರೆ ನಾವು ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚುತ್ತೇವೆ. ನಮ್ಮ ಕಾಲದ ಚರ್ಚೆಯ ಕಟ್ಟು ಎಲ್ಲಿದೆ? ಸದ್ಯಕ್ಕೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಬರೆಯುವವರು ತಮ್ಮ ಖಾತೆಯ ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಹೆಚ್ಚಿನ ಜಾಲತಾಣಗಳಲ್ಲಿ ಇದೆ. ಅದನ್ನು ಇಳಿಸಿಕೊಂಡು, ಬೇಡವೆನಿಸಿದ್ದನ್ನು ತೆಗೆದು, ಉಳಿದದ್ದನ್ನು ನಂಬಿಕೆಯ ಗ್ರಂಥಾಲಯಕ್ಕೋ ವಿಭಾಗಕ್ಕೋ ಒಪ್ಪಿಸಬಹುದು. ಹಿಂದಿನ ಲೇಖಕರ ಪತ್ರಗಳನ್ನು ಅವರ ಮನೆಯವರು ಪೆಟ್ಟಿಗೆಯಲ್ಲಿ ಕಾಪಾಡಿ ಕೊಟ್ಟದ್ದರಿಂದಲೇ ಎಷ್ಟೋ ಜೀವನಚರಿತ್ರೆಗಳು ಸಾಧ್ಯವಾದವು. ಈ ಕಾಲದ ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿದೆ, ಬೀಗದ ಕೈಯೂ ಅವರದೇ. ಪ್ರತಿಯನ್ನಾದರೂ ನಮ್ಮ ಮನೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು.